ಡೆಬಿಯನ್ 13 ಟ್ರಿಕ್ಸಿ: ಅಪ್‌ಗ್ರೇಡ್ ಅರ್ಧಕ್ಕೇ ನಿಂತಿದೆ, /ಬೂಟ್ ತುಂಬಿದೆ. ರೀಬೂಟ್ ಮಾಡಬಹುದೇ?

ಹಳೇಮದರ್‌ಬೋರ್ಡ್ | 2025 ಜುಲೈ 19

ಡೆಬಿಯನ್ ಲಿನಕ್ಸ್ ಅನ್ನು ಬುಕ್‌ವರ್ಮ್‌ನಿಂದ (ಆವೃತ್ತಿ 12) ಟ್ರಿಕ್ಸಿಗೆ (13) ಏರಿಸುತ್ತಿದ್ದೇನೆ. ಇನ್ನೂ ಬಿಡುಗಡೆಯಾಗಿಲ್ಲ, ಟೆಸ್ಟಿಂಗ್‌ನಲ್ಲೇ ಇದೆ ಎಂಬುದು ಗೊತ್ತು. ಪ್ಯಾಕೇಜುಗಳೆಲ್ಲ ಇಳಿದು, ಮುಕ್ಕಾಲು ಭಾಗ ಕಾನ್ಫಿಗರ್ ಆದಮೇಲೆ, ಬೂಟ್‌ಗೆ ಬೇಕಾದ ಇನಿಟ್‌ಆರ್‌ಡಿ ಫೈಲ್ ಕಟ್ಟುವ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂದಿತು, ಅಲ್ಲಿಗೆ ಪ್ಯಾಕೇಜ್ ಕೂರಿಸುವ ಡಿಪಿಕೆಜಿ ನಿಂತಿತು. ಡಿಪಿಕೆಜಿ --ಕಾನ್ಫಿಗರ್ -ಎ ಎರಡು ಸಲ ಓಡಿಸಿದೆ, ಅದೇ ಉತ್ತರ.

ಲ್ಯಾಪ್‌ಟಾಪ್ ವಿವರ: 8 ಜಿಬಿ ರಾಮ್, 256 ಜಿಬಿ ಸಾಟಾ ಎಸ್‌ಎಸ್‌ಡಿ, ಇಂಟೆಲ್ ಗ್ರಾಫಿಕ್ಸ್ ಜೊತೆಗೆ ಎನ್ವಿಡಿಯಾ ಚಿಪ್ (ಬಳಸುವುದಿಲ್ಲ), ಯುಇಎಫ್‌ಐ ಬೂಟ್, ಕೆಡಿಇ. ರೂಟ್ ಸಾದಾ ಇಎಕ್ಸ್‌ಟಿ4. /ಹೋಮ್ ಬೇರೆ ಪಾರ್ಟಿಷನ್, ಲಕ್ಸ್ (ಡಿಸ್ಕ್ ಎನ್‌ಕ್ರಿಪ್ಷನ್) ಬೀಗ ಹಾಕಿದೆ, ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುತ್ತದೆ. ಕರ್ನಲ್ ಫೈಲುಗಳಿರುವ /ಬೂಟ್ ಕೂಡ ಬೇರೆ: ಡಿಎಫ್ -ಎಚ್ ಪ್ರಕಾರ ಒಟ್ಟು 456 ಎಂಬಿ, ಬಳಕೆ 371, ಉಳಿದಿರುವುದು 51. ಕರ್ನಲ್‌ಗಳು 6.1.0-34, 6.1.0-35, 6.1.0-37, ಜೊತೆಗೆ ಈಗ ಬಂದ 6.12. ಆಪ್ಟ್‌ನಲ್ಲಿ ರೆಕಮೆಂಡ್ಸ್ (ಶಿಫಾರಸಿನ ಪ್ಯಾಕೇಜುಗಳನ್ನೂ ತಾನಾಗಿ ಹಾಕುವುದು) ಆಫ್ ಮಾಡಿಟ್ಟಿದ್ದೇನೆ, ಇದು ಮುಖ್ಯವೋ ಅಲ್ಲವೋ ತಿಳಿಯದು.

ಮಷೀನ್ ಇನ್ನೂ ಆನ್ ಇದೆ. ರೀಬೂಟ್ ಮಾಡಲೋ ಬೇಡವೋ? ಇನ್ನೊಂದು: ಸ್ವ್ಯಾಪಿನೆಸ್ (ರಾಮ್‌ನಿಂದ ಸ್ವ್ಯಾಪ್‌ಗೆ ಎಷ್ಟು ಬೇಗ ಸರಿಸಬೇಕೆಂಬ ಸೆಟ್ಟಿಂಗ್) 10, ಕನ್ನಡ ಟೈಪಿಂಗಿಗೆ ಬಳಸುವ ಐಬಸ್‌ನಲ್ಲಿ ಕಗಪ ಕೀಲಿಮಣೆ, ಇಂಥ ಹಳೆಯ ಸೆಟ್ಟಿಂಗುಗಳೆಲ್ಲ ಹಾಗೇ ಉಳಿಯುತ್ತವೆಯೇ?


ಗ್ರಬ್‌ಗಾರುಡಿ | ಉತ್ತರ

ರೀಬೂಟ್ ಬೇಡವೇ ಬೇಡ. 6.12ರ ಕರ್ನಲ್ ಫೈಲ್ /ಬೂಟ್‌ಗೆ ಬಂದು ಕೂತಿದೆ, ಅದರ ಇನಿಟ್‌ಆರ್‌ಡಿ (ರೂಟ್ ಪಾರ್ಟಿಷನ್ ತೆರೆಯಲು ಬೇಕಾದ ಡ್ರೈವರ್‌ಗಳಿರುವ ಫೈಲ್) ಮಾತ್ರ ಬಂದಿಲ್ಲ. ಬೂಟ್ ಲೋಡರ್ ಆದ ಗ್ರಬ್‌ನ ಮೆನು ಇಷ್ಟರಲ್ಲೇ ಹೊಸದಾಗಿ ಬರೆದುಕೊಂಡಿದ್ದರೆ ಮೊದಲ ಸಾಲೇ 6.12. ಅದು ರೂಟ್ ಪಾರ್ಟಿಷನ್ ಕಾಣದೆ "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್" ಎಂದು ಪ್ಯಾನಿಕ್ ಆಗುತ್ತದೆ. ಕರೆಂಟ್ ಹೋಗಿ ಹಾಗೇ ಆಯಿತು ಅಂದುಕೊಳ್ಳಿ, ಗಾಬರಿ ಬೇಡ: ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ 6.1.0-37 ಇರುತ್ತದೆ, ಅದರಿಂದ ಎಬ್ಬಿಸಬಹುದು.

ಮೊದಲು ಯುನೇಮ್ -ಆರ್ ಹೊಡೆದು ಈಗ ಯಾವ ಕರ್ನಲ್ ಓಡುತ್ತಿದೆ ನೋಡಿ. ಅದು 37 ಆಗಿದ್ದರೆ 34 ಮತ್ತು 35 ಎರಡನ್ನೂ ತೆಗೆಯಬಹುದು. ಈ ಸ್ಥಿತಿಯಲ್ಲಿ ಆಪ್ಟ್ ಪರ್ಜ್ ಅಂದರೆ ಅದು "ಡಿಪೆಂಡೆನ್ಸಿ ಸರಿಯಿಲ್ಲ" ಎಂದು ಕೈ ಎತ್ತುತ್ತದೆ, ಆದ್ದರಿಂದ ನೇರ ಡಿಪಿಕೆಜಿಗೇ ಹೇಳಿ: ಸುಡೋ ಡಿಪಿಕೆಜಿ --ಪರ್ಜ್, ಮುಂದೆ ಲಿನಕ್ಸ್-ಇಮೇಜ್-6.1.0-34-ಎಎಂಡಿ64. ಹಾಗೆಯೇ 35. ಹೆಡರ್ಸ್ ಪ್ಯಾಕೇಜ್ ಇದ್ದರೆ ಅದು /ಬೂಟ್‌ನಲ್ಲಿ ಜಾಗ ತಿನ್ನುವುದಿಲ್ಲ, ಆಮೇಲೆ ನೋಡಿಕೊಳ್ಳಿ. /ಬೂಟ್ ಒಳಗೆ ಹೋಗಿ ಆರ್‌ಎಂ ಹೊಡೆದು ಫೈಲ್ ಅಳಿಸಬೇಡಿ. ಡಿಪಿಕೆಜಿಯ ಲೆಕ್ಕದಲ್ಲಿ ಆ ಕರ್ನಲ್ ಇದ್ದೇ ಇರುತ್ತದೆ, ಮುಂದಿನ ಸಲ ಅದರ ಇನಿಟ್‌ಆರ್‌ಡಿಯನ್ನು ಮತ್ತೆ ಕಟ್ಟಲು ಹೊರಡುತ್ತದೆ.

ಜಾಗ ಬಿಟ್ಟ ಮೇಲೆ ಈ ಕ್ರಮದಲ್ಲಿ:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಆಪ್ಟ್ -ಎಫ್ ಇನ್‌ಸ್ಟಾಲ್
ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್
ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್
ಸುಡೋ ಅಪ್‌ಡೇಟ್-ಗ್ರಬ್

ಕೊನೆಗೆ /ಬೂಟ್‌ನಲ್ಲಿ 6.12ರ ವಿಎಂಲಿನಜ್ ಮತ್ತು ಇನಿಟ್‌ಆರ್‌ಡಿ ಎರಡೂ ಜೋಡಿಯಾಗಿ ಕಂಡರೆ ಮಾತ್ರ ಮುಂದಿನ ಯೋಚನೆ.


ಪೆಂಗ್ವಿನ್_ಪುಟ್ಟ | ಉತ್ತರ

456ರಲ್ಲಿ 371 ಕಳೆದರೆ 85 ಬರಬೇಕು, 51 ಅಂತ ತೋರಿಸುತ್ತಿದೆ. ಉಳಿದದ್ದು ಇಎಕ್ಸ್‌ಟಿ4 ಕಾಯ್ದಿರಿಸಿದ ಜಾಗ. ಟ್ಯೂನ್2ಎಫ್‌ಎಸ್ -ಎಂ 0 ಕೊಟ್ಟರೆ ಅದೂ ಸಿಗುತ್ತದಲ್ಲ, ಕರ್ನಲ್ ತೆಗೆಯುವ ಗೊಡವೆ ಯಾಕೆ?


ಸಿಡ್‌ಸವಾರ | ಉತ್ತರ

@ಪೆಂಗ್ವಿನ್_ಪುಟ್ಟ, ಲೆಕ್ಕ ಸರಿ, ಉಪಾಯ ಕೆಲಸಕ್ಕೆ ಬರುವುದಿಲ್ಲ. ಆ ಜಾಗ ಕಾಯ್ದಿರಿಸಿರುವುದೇ ರೂಟ್ ಬಳಕೆದಾರನಿಗೆ. ಇನಿಟ್‌ಆರ್‌ಡಿ ಬರೆಯುವುದೂ ರೂಟೇ. ಅಂದರೆ ಆ 34 ಎಂಬಿಯನ್ನೂ ಸೇರಿಸಿಯೇ ಸಾಲದೆ ಹೋಗಿದೆ.

ಯಾಕೆ ಸಾಲುವುದಿಲ್ಲ ಅಂದರೆ ಎರಡು ಕಾರಣ. ಒಂದು, ಇನಿಟ್‌ಆರ್‌ಡಿ ನವೀಕರಿಸುವಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದಿಲ್ಲ, ಪಕ್ಕದಲ್ಲಿ .ನ್ಯೂ ಎಂಬ ಬಾಲದ ಫೈಲ್ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸುತ್ತದೆ. ಹಾಗಾಗಿ ಯಾವಾಗಲೂ ಒಂದು ಇನಿಟ್‌ಆರ್‌ಡಿಯಷ್ಟು ಜಾಗ ಹೆಚ್ಚುವರಿಯಾಗಿ ಖಾಲಿ ಇರಲೇಬೇಕು. ಇನ್ನೊಂದು, ಪ್ಲಿಮತ್ (ಬೂಟ್ ಆಗುವಾಗ ಚಿತ್ರ ತೋರಿಸುವ ಪ್ಯಾಕೇಜ್) ಇದ್ದರೆ ಗ್ರಾಫಿಕ್ಸ್ ಡ್ರೈವರ್‌ಗಳನ್ನೂ ಅವುಗಳ ಫರ್ಮ್‌ವೇರನ್ನೂ ಇನಿಟ್‌ಆರ್‌ಡಿಯೊಳಗೆ ತುಂಬುತ್ತದೆ. ಎನ್ವಿಡಿಯಾ ಫರ್ಮ್‌ವೇರ್ ಇದರಲ್ಲಿ ದೊಡ್ಡ ಹೊಟ್ಟೆಬಾಕ. ಟ್ರಿಕ್ಸಿಯಲ್ಲಿ ಅದು ಫರ್ಮ್‌ವೇರ್-ಎನ್ವಿಡಿಯಾ-ಗ್ರಾಫಿಕ್ಸ್ ಎಂಬ ಬೇರೆ ಪ್ಯಾಕೇಜ್ ಆಗಿದೆ, ನೂವೋ ಡ್ರೈವರ್‌ಗೆ ಬೇಕಾದದ್ದು. ನೀವು ಆ ಚಿಪ್ ಬಳಸುವುದೇ ಇಲ್ಲ ಅಂದಿರಿ. ಆ ಪ್ಯಾಕೇಜ್ ಬಂದಿದ್ದರೆ ತೆಗೆದುಹಾಕಿ, ಇನಿಟ್‌ಆರ್‌ಡಿ ಮತ್ತೆ ಕಟ್ಟಿ, ಗಾತ್ರ ನೋಡಿ. ಒಳಗೆ ಏನಿದೆ ಎಂದು ತಿಳಿಯಲು ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ -ಎಲ್ ಇದೆ.

ಇನ್ನೂ ಇಳಿಸಬೇಕೆಂದರೆ /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ ಮಾಡ್ಯೂಲ್ಸ್=ಮೋಸ್ಟ್ ಇರುವುದನ್ನು ಮಾಡ್ಯೂಲ್ಸ್=ಡೆಪ್ ಮಾಡಬಹುದು. ಈ ಮಷೀನಿನ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್ ಮಾತ್ರ ಸೇರುತ್ತದೆ, ಗಾತ್ರ ಗಣನೀಯವಾಗಿ ಇಳಿಯುತ್ತದೆ. ಅದರ ಬೆಲೆ: ಈ ಎಸ್‌ಎಸ್‌ಡಿ ಬಿಚ್ಚಿ ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೆ ಏಳುವ ಖಾತ್ರಿಯಿಲ್ಲ.


ಗ್ರಬ್‌ಗಾರುಡಿ | ಉತ್ತರ

ಡೆಪ್ ನನಗೆ ಅಷ್ಟು ಒಗ್ಗದ ದಾರಿ. ಇವತ್ತಿಗೆ ಸರಿ, ನಾಳೆ ಮದರ್‌ಬೋರ್ಡ್ ಕೈಕೊಟ್ಟಾಗ ನೆನಪಿರುವುದಿಲ್ಲ. ಟ್ರಿಕ್ಸಿಯ ಬಿಡುಗಡೆ ಟಿಪ್ಪಣಿಯೇ ಹೇಳುವಂತೆ /ಬೂಟ್ ಕನಿಷ್ಠ 768 ಎಂಬಿ ಇರಬೇಕು, ಅದರಲ್ಲಿ ಸುಮಾರು 300 ಎಂಬಿ ಖಾಲಿ ಇರಬೇಕು. 456ರಲ್ಲಿ ಒದ್ದಾಡುವುದು ತಾತ್ಕಾಲಿಕ.

ನಿಮ್ಮ ರೂಟ್‌ಗೆ ಬೀಗವೇ ಇಲ್ಲ, ಸಾದಾ ಇಎಕ್ಸ್‌ಟಿ4. ಅದನ್ನು ಗ್ರಬ್ ನೇರವಾಗಿ ಓದುತ್ತದೆ. ಹಾಗಿದ್ದ ಮೇಲೆ ಬೇರೆ /ಬೂಟ್ ಪಾರ್ಟಿಷನ್ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಅಪ್‌ಗ್ರೇಡ್ ಪೂರ್ತಿ ಮುಗಿದು, ಒಮ್ಮೆ ಸರಿಯಾಗಿ ಬೂಟ್ ಆದಮೇಲೆ ಹೀಗೆ ಮಾಡಿ. ರೂಟ್ ಆಗಿ /ಬೂಟ್/ಇಎಫ್‌ಐ ಅನ್‌ಮೌಂಟ್ ಮಾಡಿ. ಸಿಪಿ -ಎ ಮೂಲಕ /ಬೂಟ್‌ನಲ್ಲಿರುವುದನ್ನೆಲ್ಲ /ರೂಟ್ ಒಳಗಿನ ಒಂದು ಫೋಲ್ಡರಿಗೆ ನಕಲು ಮಾಡಿ. /ಬೂಟ್ ಅನ್‌ಮೌಂಟ್ ಮಾಡಿ, ಈಗ ಕಾಣುವ ಖಾಲಿ /ಬೂಟ್ ಫೋಲ್ಡರಿಗೆ ಆ ನಕಲನ್ನು ಸುರಿಯಿರಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಎಂಬ ಪಟ್ಟಿ) /ಬೂಟ್ ಸಾಲಿನ ಮುಂದೆ # ಹಾಕಿ. /ಬೂಟ್/ಇಎಫ್‌ಐ ಸಾಲು ಮುಟ್ಟಬೇಡಿ. ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಕೊಟ್ಟು /ಬೂಟ್/ಇಎಫ್‌ಐ ಮತ್ತೆ ಮೌಂಟ್ ಮಾಡಿ, ನಂತರ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್.

ಗ್ರಬ್-ಇನ್‌ಸ್ಟಾಲ್ ಮರೆತು ಬರೀ ಅಪ್‌ಡೇಟ್-ಗ್ರಬ್ ಮಾಡಿದವರೇ ಜಾಸ್ತಿ. ಇಎಫ್‌ಐ ಪಾರ್ಟಿಷನ್ನಿನ ಡೆಬಿಯನ್ ಫೋಲ್ಡರಿನಲ್ಲಿ ಎರಡು-ಮೂರು ಸಾಲಿನ ಪುಟ್ಟ ಗ್ರಬ್.ಸಿಎಫ್‌ಜಿ ಒಂದಿದೆ, ಅದರಲ್ಲಿ ಯಾವ ಯುಯುಐಡಿಯಲ್ಲಿ (ಪಾರ್ಟಿಷನ್ನಿನ ಗುರುತು ಸಂಖ್ಯೆ) ಹುಡುಕಬೇಕು ಎಂದು ಬರೆದಿರುತ್ತದೆ. ಅದು ಹಳೆಯ /ಬೂಟ್ ಪಾರ್ಟಿಷನ್ನಿನದೇ ಉಳಿದರೆ ಮೆನು ಬರುತ್ತದೆ, ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಆದರೆ ಹೊಸ ಕರ್ನಲ್ ಬಂದಾಗ ಮೆನುವಿನಲ್ಲಿ ಕಾಣಿಸುವುದೇ ಇಲ್ಲ. ಹಳೆ ಪಾರ್ಟಿಷನ್ ಒಂದೆರಡು ವಾರ ಹಾಗೇ ಬಿಟ್ಟಿರಿ, ಫಾರ್ಮ್ಯಾಟ್ ಮಾಡಲು ಅವಸರವಿಲ್ಲ.


ಲಕ್ಸ್‌ಲಿಂಗಣ್ಣ | ಉತ್ತರ

ಎಲ್ಲರೂ /ಬೂಟ್ ಹಿಂದೆ ಬಿದ್ದಿದ್ದೀರಿ. ರೆಕಮೆಂಡ್ಸ್ ಆಫ್, /ಹೋಮ್ ಲಕ್ಸ್: ಪ್ರಶ್ನೆಯಲ್ಲಿರುವ ಈ ಎರಡು ಮಾತು ಸೇರಿದರೆ ಮುಂದಿನ ಬೂಟ್‌ನಲ್ಲಿ ಇನ್ನೊಂದು ಗುಂಡಿ ಕಾದಿದೆ. ಟ್ರಿಕ್ಸಿಯಲ್ಲಿ ಕ್ರಿಪ್ಟ್‌ಟ್ಯಾಬ್ (ಬೀಗ ಹಾಕಿದ ಪಾರ್ಟಿಷನ್‌ಗಳ ಪಟ್ಟಿ) ಓದಿ ಬೀಗ ತೆಗೆಯುವ ಭಾಗವನ್ನು ಸಿಸ್ಟಮ್‌ಡಿಯಿಂದ ಕಿತ್ತು ಸಿಸ್ಟಮ್‌ಡಿ-ಕ್ರಿಪ್ಟ್‌ಸೆಟಪ್ ಎಂಬ ಬೇರೆ ಪ್ಯಾಕೇಜ್ ಮಾಡಿದ್ದಾರೆ. ಸಿಸ್ಟಮ್‌ಡಿ ಅದನ್ನು ಡಿಪೆಂಡ್ಸ್ ಆಗಿ ಕೇಳುವುದಿಲ್ಲ, ರೆಕಮೆಂಡ್ಸ್ ಆಗಿ ಕೇಳುತ್ತದೆ. ನಿಮ್ಮಲ್ಲಿ ಅದು ತಾನಾಗಿ ಬರುವುದಿಲ್ಲ.

ರೀಬೂಟ್‌ಗೆ ಮುಂಚೆ: ಸುಡೋ ಆಪ್ಟ್ ಇನ್‌ಸ್ಟಾಲ್ ಸಿಸ್ಟಮ್‌ಡಿ-ಕ್ರಿಪ್ಟ್‌ಸೆಟಪ್. ಅಷ್ಟೇ.

ರೂಟ್ ಲಕ್ಸ್‌ನಲ್ಲಿರುವವರಿಗೆ ರೂಟ್ ಮಟ್ಟಿಗೆ ಈ ತೊಂದರೆಯಿಲ್ಲ, ಅದನ್ನು ತೆರೆಯುವುದು ಇನಿಟ್‌ಆರ್‌ಡಿಯೊಳಗಿನ ಕ್ರಿಪ್ಟ್‌ಸೆಟಪ್-ಇನಿಟ್‌ರಾಮ್‌ಎಫ್‌ಎಸ್. ಆಮೇಲೆ ತೆರೆಯುವ ಪಾರ್ಟಿಷನ್‌ಗಳದ್ದೇ ಸಮಸ್ಯೆ.


ಎಮರ್ಜೆನ್ಸಿಮೋಡ್ | ಉತ್ತರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇಲ್ಲಿಯೂ ಅದೇ ಜೋಡಣೆ, ಆದರೆ ರೀಬೂಟ್ ಆಗಿಹೋಗಿದೆ. ಒಂದೂವರೆ ನಿಮಿಷ ಕಾದು, /ಹೋಮ್‌ನ ಡಿವೈಸ್ ಸಿಗಲಿಲ್ಲ ಎಂದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ವೈಫೈ ಇಲ್ಲ, ಪ್ಯಾಕೇಜ್ ಹಾಕುವುದು ಹೇಗೆ ಲಿಂಗಣ್ಣ?


ಲಕ್ಸ್‌ಲಿಂಗಣ್ಣ | ಉತ್ತರ

ಡೇಟಾಗೆ ಏನೂ ಆಗಿಲ್ಲ, ಬೀಗ ತೆಗೆಯುವವನು ಇಲ್ಲ ಅಷ್ಟೇ. ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಎಫ್‌ಎಸ್‌ಟ್ಯಾಬ್‌ನ /ಹೋಮ್ ಸಾಲಿಗೂ ಕ್ರಿಪ್ಟ್‌ಟ್ಯಾಬ್‌ನ ಆ ಸಾಲಿಗೂ # ಹಾಕಿ ರೀಬೂಟ್ ಮಾಡಿ. ಲಾಗಿನ್ ಪರದೆ ಬಂದಾಗ ಗ್ರಾಫಿಕಲ್ ಲಾಗಿನ್ ಬೇಡ, /ಹೋಮ್ ಖಾಲಿ ಇರುವುದರಿಂದ ಅದು ಎಡವಟ್ಟಾಗುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ರೂಟ್ ಆಗಿ ಲಾಗಿನ್ ಆಗಿ, ಎನ್‌ಎಂಟಿಯುಐ ಓಡಿಸಿ ವೈಫೈ ಹಿಡಿಯಿರಿ. ಕೆಡಿಇಯಲ್ಲಿ ಪಾಸ್‌ವರ್ಡ್ ವ್ಯಾಲೆಟ್‌ನಲ್ಲಿ ಉಳಿಸಿದ್ದರೆ ಅದು ಇಲ್ಲಿಗೆ ಸಿಗುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ಪ್ಯಾಕೇಜ್ ಹಾಕಿ, ಎರಡೂ # ತೆಗೆದು, ರೀಬೂಟ್.

ರೂಟ್ ಖಾತೆಗೆ ಪಾಸ್‌ವರ್ಡೇ ಇಟ್ಟಿಲ್ಲದಿದ್ದರೆ ಎಮರ್ಜೆನ್ಸಿ ಮೋಡ್ "ಅಕೌಂಟ್ ಲಾಕ್ ಆಗಿದೆ" ಎಂದು ಬಾಗಿಲು ಹಾಕುತ್ತದೆ. ಆಗ ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಸಿಸ್ಟಮ್‌ಡಿ.ಡೀಬಗ್_ಶೆಲ್=1 ಸೇರಿಸಿ ಎಫ್10 ಒತ್ತಿ. ಕಂಟ್ರೋಲ್-ಆಲ್ಟ್-ಎಫ್9ರಲ್ಲಿ ಪಾಸ್‌ವರ್ಡ್ ಇಲ್ಲದ ರೂಟ್ ಶೆಲ್ ಸಿಗುತ್ತದೆ. ಗ್ರಬ್ ಮೆನುವಿನಲ್ಲಿ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ. ಅದನ್ನು ಕಾಯಂ ಮಾಡಲು ಹೋಗಬೇಡಿ, ಮನೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.


ಹಳೇಮದರ್‌ಬೋರ್ಡ್ | 2025 ಜುಲೈ 20

34, 35 ಪರ್ಜ್ ಆಯಿತು. ಎನ್ವಿಡಿಯಾ ಫರ್ಮ್‌ವೇರ್ ಇತ್ತು, ತೆಗೆದೆ. ಸಿಸ್ಟಮ್‌ಡಿ-ಕ್ರಿಪ್ಟ್‌ಸೆಟಪ್ ನಿಜಕ್ಕೂ ಇರಲಿಲ್ಲ, ಹಾಕಿದೆ. ಡಿಪಿಕೆಜಿ ಪೂರ್ತಿ ಮುಗಿಯಿತು, 6.12ರಲ್ಲಿ ಬೂಟ್ ಆಗಿದೆ, /ಹೋಮ್ ಪಾಸ್‌ವರ್ಡ್ ಕೇಳಿತು. /ಬೂಟ್ ಸ್ಥಳಾಂತರ ಈ ವಾರ ಮಾಡುತ್ತೇನೆ.

ಉಳಿದವು ಮೂರು. ಸ್ವ್ಯಾಪಿನೆಸ್ ಪ್ರತಿ ಬೂಟ್‌ಗೂ 60ಕ್ಕೇ ಮರಳುತ್ತದೆ, ಸಿಸ್‌ಸಿಟಿಎಲ್ -ಪಿ ಕೊಟ್ಟರೆ 10 ಆಗುತ್ತದೆ. ದೊಡ್ಡ ಜಿಪ್ ಬಿಚ್ಚುವಾಗ /ಟಿಎಂಪಿ ತುಂಬಿತು ಎನ್ನುತ್ತದೆ, ಡಿಸ್ಕ್‌ನಲ್ಲಿ 90 ಜಿಬಿ ಖಾಲಿ ಇದ್ದರೂ. ಕನ್ನಡ ಟೈಪಿಂಗ್ ಕೆಲವು ಕಡೆ ಬರುತ್ತದೆ, ಕೆಲವು ಕಡೆ ಇಂಗ್ಲಿಷೇ ಬೀಳುತ್ತದೆ.


ಸಿಡ್‌ಸವಾರ | ಉತ್ತರ

ಸ್ವ್ಯಾಪಿನೆಸ್: ಟ್ರಿಕ್ಸಿಯಲ್ಲಿ ಬೂಟ್ ಸಮಯಕ್ಕೆ /ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್ ಯಾರೂ ಓದುವುದಿಲ್ಲ. ಸಿಸ್ಟಮ್‌ಡಿ-ಸಿಸ್‌ಸಿಟಿಎಲ್ ನೋಡುವುದು /ಇಟಿಸಿ/ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಎಂದು ಮುಗಿಯುವ ಫೈಲುಗಳನ್ನು. ಸಿಸ್‌ಸಿಟಿಎಲ್ -ಪಿ ಮಾತ್ರ ಹಳೆಯ ಫೈಲನ್ನೇ ಓದುತ್ತದೆ, ಅದಕ್ಕೇ ಕೈಯಲ್ಲಿ ಕೊಟ್ಟಾಗ ಸರಿಹೋದಂತೆ ಕಾಣುವುದು. ಆ ಫೋಲ್ಡರಿನಲ್ಲಿ 99-ಲೋಕಲ್.ಕಾನ್ಫ್ ಮಾಡಿ ವಿಎಂ.ಸ್ವ್ಯಾಪಿನೆಸ್=10 ಸಾಲನ್ನು ಅಲ್ಲಿಗೆ ಸರಿಸಿ. ಪರೀಕ್ಷೆಗೆ -ಪಿ ಬೇಡ. ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಸಿಸ್ಟಮ್‌ಡಿ-ಸಿಸ್‌ಸಿಟಿಎಲ್ ಕೊಟ್ಟು ನೋಡಿ, ಬೂಟ್‌ನಲ್ಲಿ ನಡೆಯುವುದೂ ಅದೇ.

/ಟಿಎಂಪಿ ಈಗ ಡಿಸ್ಕ್‌ನಲ್ಲಿಲ್ಲ, ರಾಮ್‌ನಲ್ಲಿದೆ, ಅಂದರೆ ಟಿಎಂಪಿಎಫ್‌ಎಸ್. ಗರಿಷ್ಠ ಮಿತಿ ರಾಮ್‌ನ ಅರ್ಧ, ನಿಮಗೆ 4 ಜಿಬಿ ಒಳಗೆ. ಡಿಸ್ಕ್‌ನಲ್ಲಿ ಎಷ್ಟು ಖಾಲಿ ಇದ್ದರೂ ಲೆಕ್ಕಕ್ಕಿಲ್ಲ. ಸುಡೋ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್ ಎಂದು ಕೊಟ್ಟು ರೀಬೂಟ್ ಮಾಡಿದರೆ ಮೊದಲಿನಂತೆ ಡಿಸ್ಕ್‌ಗೇ ಹೋಗುತ್ತದೆ. 8 ಜಿಬಿ ಮಷೀನಿನಲ್ಲಿ ದೊಡ್ಡ ಫೈಲುಗಳ ಕೆಲಸ ದಿನವೂ ಇದ್ದರೆ ಇದೇ ಸರಿ. ಅಪರೂಪಕ್ಕೆ ಮಾತ್ರ ಆದರೆ ಆ ಒಂದು ಕಮಾಂಡ್‌ಗೆ ಮುಂಚೆ ಟಿಎಂಪಿಡಿಐಆರ್=/ವಿಎಆರ್/ಟಿಎಂಪಿ ಸೇರಿಸಿದರೆ ಸಾಕು. ಮಿತಿ ಹೆಚ್ಚಿಸುವ ದಾರಿಯೂ ಇದೆ, ಆದರೆ 8 ಜಿಬಿಯಲ್ಲಿ 6 ಜಿಬಿ ಅದಕ್ಕೆ ಕೊಟ್ಟರೆ ಸ್ವ್ಯಾಪ್ ಒದ್ದಾಡುತ್ತದೆ, ಆಗ ಸ್ವ್ಯಾಪಿನೆಸ್ 10 ಇಟ್ಟೂ ಪ್ರಯೋಜನವಿಲ್ಲ.

ಹಳೆಯ /ಟಿಎಂಪಿಯಲ್ಲಿದ್ದ ಫೈಲುಗಳು ಎಲ್ಲೂ ಹೋಗಿಲ್ಲ, ಹೊಸ ಮೌಂಟ್‌ನ ಅಡಿಯಲ್ಲಿ ಕೂತಿವೆ. ಮೌಂಟ್ --ಬೈಂಡ್ / /ಎಂಎನ್‌ಟಿ ಕೊಟ್ಟು /ಎಂಎನ್‌ಟಿ/ಟಿಎಂಪಿ ಒಳಗೆ ನೋಡಿ, ಬೇಡದ್ದನ್ನು ಅಳಿಸಿ, ಆಮೇಲೆ /ಎಂಎನ್‌ಟಿ ಅನ್‌ಮೌಂಟ್ ಮಾಡಿ.


ಕಗಪ_ಕೈ | ಉತ್ತರ

ಟೈಪಿಂಗ್ ಕೆಟ್ಟಿರುವುದು ಐಬಸ್ ಕೆಟ್ಟಿದ್ದರಿಂದ ಅಲ್ಲ. ಕೆಡಿಇಯ ಪ್ಲಾಸ್ಮಾ 5.27ರಿಂದ 6.3ಕ್ಕೆ ಬಂದಿದ್ದೀರಿ, ಸೆಷನ್ ಹಳೆಯ ಡಿಸ್‌ಪ್ಲೇ ವ್ಯವಸ್ಥೆ ಎಕ್ಸ್11ನಿಂದ ಹೊಸದಾದ ವೇಲ್ಯಾಂಡ್‌ಗೆ ಹೋಗಿರಬೇಕು. ಲಾಗಿನ್ ಪರದೆಯಲ್ಲಿ ಸೆಷನ್ ಹೆಸರು ನೋಡಿದರೆ ತಿಳಿಯುತ್ತದೆ. ವೇಲ್ಯಾಂಡ್‌ನಲ್ಲಿ ಐಬಸ್ ಅನ್ನು ನೀವಾಗಿಯೇ ಆಟೋಸ್ಟಾರ್ಟ್ ಮಾಡಬಾರದು, ಕೆಡಿಇಯ ವಿಂಡೋ ಮ್ಯಾನೇಜರ್ ಕೆವಿನ್ ಅದನ್ನು ಕರೆಯಬೇಕು. ಸಿಸ್ಟಮ್ ಸೆಟ್ಟಿಂಗ್ಸ್ > ಕೀಬೋರ್ಡ್ > ವರ್ಚುವಲ್ ಕೀಬೋರ್ಡ್ ತೆರೆದು ಐಬಸ್ ವೇಲ್ಯಾಂಡ್ ಆರಿಸಿ. ಕನ್ನಡ ಟೈಪಿಂಗಿಗೂ ವರ್ಚುವಲ್ ಕೀಬೋರ್ಡ್‌ಗೂ ಏನು ಸಂಬಂಧ ಅನ್ನಿಸುತ್ತದೆ, ಹೆಸರು ಹಾಗಿದೆ, ಏನು ಮಾಡುವುದು.

ಆಮೇಲೆ ಎಕ್ಸ್11 ಕಾಲದ ಜಿಟಿಕೆ_ಐಎಂ_ಮಾಡ್ಯೂಲ್, ಕ್ಯೂಟಿ_ಐಎಂ_ಮಾಡ್ಯೂಲ್ ವೇರಿಯಬಲ್‌ಗಳು ಉಳಿದಿದ್ದರೆ ಎರಡು ದಾರಿಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಕೆಲವು ಕಡೆ ಬಂದು ಕೆಲವು ಕಡೆ ಬಾರದಿರುವ ಲಕ್ಷಣ ಇದರದೇ. ಅವುಗಳನ್ನು ಹಾಕುವುದು ಐಎಂ-ಕಾನ್ಫಿಗ್. ಐಎಂ-ಕಾನ್ಫಿಗ್ -ಎನ್ ನನ್ ಕೊಡಿ, ~/.ಪ್ರೊಫೈಲ್‌ನಲ್ಲಿ ಕೈಯಾರೆ ಬರೆದಿದ್ದರೆ ಅದನ್ನೂ ಅಳಿಸಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್-ಎಂ17ಎನ್ ಪ್ಯಾಕೇಜ್ ಉಳಿದಿದೆಯೇ ನೋಡಿಕೊಳ್ಳಿ, ಕಗಪ ಇರುವುದು ಅದರ ದತ್ತಾಂಶದಲ್ಲೇ. ಕ್ರೋಮಿಯಂ ವೇಲ್ಯಾಂಡ್‌ನಲ್ಲಿ ನೇರ ಓಡುತ್ತಿದ್ದರೆ ಅದಕ್ಕೆ --ಎನೇಬಲ್-ವೇಲ್ಯಾಂಡ್-ಐಎಂಇ ಎಂಬ ಫ್ಲ್ಯಾಗ್ ಬೇಕಾಗಬಹುದು. ಫೈರ್‌ಫಾಕ್ಸ್‌ಗೆ ಏನೂ ಬೇಡ.

ಐಬಸ್ ಬೇಡ, ಕೆಡಿಇಯ ಲೇಔಟ್ ಪಟ್ಟಿಯಲ್ಲೇ ಕನ್ನಡ ಕಗಪ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ. ಆದರೆ ಅದು ಎಕ್ಸ್‌ಕೆಬಿ ಲೇಔಟ್, ಹಿಂದಿನ ಅಕ್ಷರ ಯಾವುದು ಎಂದು ಅದು ನೋಡುವುದಿಲ್ಲ. ಒಂದೇ ಕೀಲಿ ಪದದ ಆರಂಭದಲ್ಲಿ ಸ್ವರ, ವ್ಯಂಜನದ ಮುಂದೆ ಗುಣಿತ ಆಗುವ ಸೌಕರ್ಯ ಅಲ್ಲಿಲ್ಲ. ನುಡಿ ತಂತ್ರಾಂಶದಲ್ಲಿ ಪಳಗಿದ ಕೈ ಅದರಲ್ಲಿ ಎಡವುತ್ತದೆ.


ಪೆಂಗ್ವಿನ್_ಪುಟ್ಟ | ಉತ್ತರ

ಸೋರ್ಸಸ್.ಲಿಸ್ಟ್‌ನಲ್ಲಿ (ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂಬ ಪಟ್ಟಿ) ಟೆಸ್ಟಿಂಗ್ ಎಂದು ಬರೆದಿದ್ದರೆ ಹಾಗೇ ಬಿಡಬಹುದಾ?


ಗ್ರಬ್‌ಗಾರುಡಿ | ಉತ್ತರ

ಬಿಡಬೇಡಿ, ಈಗಲೇ ಟ್ರಿಕ್ಸಿ ಎಂದು ಬದಲಿಸಿ. ಟೆಸ್ಟಿಂಗ್ ಎಂಬುದು ಓಡಾಡುವ ಬೋರ್ಡು. ಬಿಡುಗಡೆ ತಂಡ ಆಗಸ್ಟ್ 9ಕ್ಕೆ ಗುರುತು ಹಾಕಿದೆ. ಬಿಡುಗಡೆಯಾದ ಮರುಗಳಿಗೆಯಿಂದ ಟೆಸ್ಟಿಂಗ್ ಅಂದರೆ ಮುಂದಿನ ಆವೃತ್ತಿಯಾದ ಫೋರ್ಕಿ. ತಿಂಗಳುಗಟ್ಟಲೆ ಫ್ರೀಜ್‌ನಲ್ಲಿ ತಡೆದಿದ್ದ ಪ್ಯಾಕೇಜುಗಳೆಲ್ಲ ಒಮ್ಮೆಲೇ ನುಗ್ಗುತ್ತವೆ. ಜೊತೆಗೆ ಟ್ರಿಕ್ಸಿ-ಸೆಕ್ಯುರಿಟಿ ಮತ್ತು ಟ್ರಿಕ್ಸಿ-ಅಪ್‌ಡೇಟ್ಸ್ ಸಾಲುಗಳಿರಲಿ, ನಾನ್-ಫ್ರೀ-ಫರ್ಮ್‌ವೇರ್ ಬಿಟ್ಟುಹೋಗದಿರಲಿ, ಬುಕ್‌ವರ್ಮ್ ಬ್ಯಾಕ್‌ಪೋರ್ಟ್ಸ್ ಸಾಲು ತೆಗೆಯಿರಿ. ಆಪ್ಟ್ ಮಾಡರ್ನೈಸ್-ಸೋರ್ಸಸ್ ಕೊಟ್ಟರೆ ಹಳೆ ಸಾಲುಗಳನ್ನು ಹೊಸ .ಸೋರ್ಸಸ್ ರೂಪಕ್ಕೆ ತಾನೇ ಬದಲಿಸುತ್ತದೆ.

ಇನ್ನೂ ಏರಿಸದವರು ನೇರ ಫುಲ್-ಅಪ್‌ಗ್ರೇಡ್‌ಗೆ ಹಾರಬೇಡಿ. ಮೊದಲು ಆಪ್ಟ್ ಅಪ್‌ಗ್ರೇಡ್ --ವಿದೌಟ್-ನ್ಯೂ-ಪ್ಯಾಕೇಜಸ್ (ಕಮಾಂಡ್‌ನಲ್ಲಿ ಕೊನೆಯ ಪದ ಪಿಕೆಜಿಎಸ್), ಅದು ಮುಗಿದ ಮೇಲೆ ಫುಲ್-ಅಪ್‌ಗ್ರೇಡ್. ತೆಗೆದುಹಾಕುವ ಪಟ್ಟಿಯಲ್ಲಿ ರಾಶಿ ರಾಶಿ ಲಿಬ್ ಹೆಸರುಗಳು ಬಂದು, ಹೊಸ ಪಟ್ಟಿಯಲ್ಲಿ ಅವೇ ಹೆಸರುಗಳು ಟಿ64 ಬಾಲ ಹೊತ್ತು ಬಂದರೆ ಹೆದರಬೇಡಿ. 2038ರ ಸಮಯದ ಸಮಸ್ಯೆಗಾಗಿ 2024ರಲ್ಲಿ ಮಾಡಿದ ಹೆಸರು ಬದಲಾವಣೆ ಅದು. ಪಟ್ಟಿಯಲ್ಲಿ ಕೆಡಿಇ, ನೆಟ್‌ವರ್ಕ್-ಮ್ಯಾನೇಜರ್, ಗ್ರಬ್ ಇಂಥವು ಕಂಡರೆ ಮಾತ್ರ ಎನ್ ಒತ್ತಿ ಹೊರಗೆ ಬನ್ನಿ.


ಹಳೇಮದರ್‌ಬೋರ್ಡ್ | 2025 ಜುಲೈ 22

ಐಬಸ್ ವೇಲ್ಯಾಂಡ್ ಆರಿಸಿ ವೇರಿಯಬಲ್ ತೆಗೆದ ಮೇಲೆ ಎಲ್ಲ ಕಡೆ ಕನ್ನಡ ಬರುತ್ತಿದೆ. ಟಿಎಂಪಿ.ಮೌಂಟ್ ಮಾಸ್ಕ್ ಮಾಡಿದೆ, ಸ್ವ್ಯಾಪಿನೆಸ್ 10ಕ್ಕೆ ನಿಂತಿದೆ. /ಬೂಟ್ ಸ್ಥಳಾಂತರವೂ ಆಯಿತು, ಇಎಫ್‌ಐಯ ಪುಟ್ಟ ಗ್ರಬ್.ಸಿಎಫ್‌ಜಿಯಲ್ಲಿ ರೂಟ್‌ನ ಯುಯುಐಡಿ ಬಂದಿದೆ. /ಬೂಟ್ ತುಂಬಿದ್ದನ್ನು ಬಗ್ ಎಂದು ವರದಿ ಮಾಡಬೇಕೇ?


ಸಿಡ್‌ಸವಾರ | ಉತ್ತರ

/ಬೂಟ್ ಗಾತ್ರ ಆಗಲೇ ಟಿಪ್ಪಣಿಯಲ್ಲಿದೆ, ಅದಕ್ಕೆ ಬೇಡ. ಟಿಪ್ಪಣಿಯಲ್ಲಿಲ್ಲದ್ದು ಏನಾದರೂ ಸಿಕ್ಕಿದ್ದರೆ ರಿಪೋರ್ಟ್‌ಬಗ್ ತೆರೆದು ಪ್ಯಾಕೇಜ್ ಹೆಸರಿನ ಜಾಗದಲ್ಲಿ ಅಪ್‌ಗ್ರೇಡ್-ರಿಪೋರ್ಟ್ಸ್ ಎಂದು ಕೊಡಿ, ಜೊತೆಗೆ /ವಿಎಆರ್/ಲಾಗ್/ಆಪ್ಟ್ ಒಳಗಿನ ಟರ್ಮ್.ಲಾಗ್ ಲಗತ್ತಿಸಿ. ಆಗಸ್ಟ್ 9ಕ್ಕೆ ಮುಂಚೆ ಹೋದರೆ ನೋಡುವವರಿದ್ದಾರೆ.